ಇಂಧನದ ಮುಳ್ಳೂ ಉಳಿದ ದೂರವೂ



ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ, ಸರ್ಕಾರದ ದಾಖಲೆಗಳಲ್ಲಿ ಹಿಂದೆ 4ನೆಯ ಸಂಖ್ಯೆಯದಾಗಿಯೂ ಈಗ 48ನೆಯ ಸಂಖ್ಯೆಯದಾಗಿಯೂ ನಮೂದಾಗಿ, ನಮ್ಮ ಸೀಮೆಯ ಹಿರಿಯರ ಬಾಯಲ್ಲಿ ಮಾತ್ರ ಇನ್ನೂ ಪಿ.ಬಿ. ರಸ್ತೆಯಾಗಿಯೇ ಉಳಿದಿರುವ ಆ ಮಹಾಮಾರ್ಗ, ದಾವಣಗೆರೆಯನ್ನು ಬಿಟ್ಟು ಹೆಬ್ಬಾಳಿನ ಟೋಲನ್ನು ದಾಟಿ, ಚಿತ್ರದುರ್ಗ ಇನ್ನು ಸುಮಾರು 25 ಕಿಲೋಮೀಟರು ಎನ್ನುವಷ್ಟರಲ್ಲಿ ನಮ್ಮ ಭರಮಸಾಗರವನ್ನು ಮುಟ್ಟುತ್ತದೆ. ಈ ಮಾರ್ಗದ ಅಂಚಿನಲ್ಲಿ, ಟೈರು ಪಂಕ್ಚರಾಗದೆ, ಎಂಜಿನ್ನಿಗೆ ಯಾವ ರೋಗವೂ ತಗುಲದೆ, ಆದರೂ ನಾಲ್ಕು ದೀಪಗಳನ್ನು ಮಿಣುಕಿಸುತ್ತ ನಿಂತುಬಿಟ್ಟ ಕಾರನ್ನೂ, ಅದರ ಪಕ್ಕದಲ್ಲಿ ಬಿಸಿಲಿಗೆ ತಲೆಯ ಮೇಲೆ ಟವಲು ಹೊದ್ದು ನಿಂತ ಮನೆಮಂದಿಯನ್ನೂ, ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಬಂಕಿನ ದಾರಿ ಕೇಳುವ ಯಜಮಾನನನ್ನೂ ಕಂಡವರು ನಮ್ಮೂರಿನಲ್ಲಿ ಹಲವರಿದ್ದಾರೆ. ಆತ ಹೇಳುವ ಮಾತು ಬಹುಮಟ್ಟಿಗೆ ಒಂದೇ: “ಇನ್ನೂ ನಲವತ್ತು ಕಿಲೋಮೀಟ್ರು ಹೋಗುತ್ತೆ ಅಂತ ತೋರಿಸ್ತಿತ್ತು ಸಾರ್.” ಆ ಮಾತು ಸುಳ್ಳಲ್ಲ, ಕಾರು ಹಾಗೆ ತೋರಿಸಿದ್ದೂ ನಿಜ. ಹಾಗೆ ತೋರಿಸುವ ಅಧಿಕಾರ ಆ ಯಂತ್ರಕ್ಕೆ ಎಷ್ಟರಮಟ್ಟಿಗೆ ಉಂಟು ಎಂಬುದೇ ಈ ದಿನದ ನನ್ನ ವಿಷಯ.

ಕಾರಿನ ಮುಂಭಾಗದ ಫಲಕದಲ್ಲಿ ಇಂಧನಕ್ಕೆ ಸಂಬಂಧಿಸಿದ ಎರಡು ಸಂಗತಿಗಳು ಅಕ್ಕಪಕ್ಕದಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ಗಾಂಭೀರ್ಯದಿಂದ ನಮಗೆ ಕಾಣಿಸುತ್ತವೆ. ಒಂದು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲು ಇದೆಯೆಂದು ತೋರುವ ಮುಳ್ಳು. ಹೊಸ ಗಾಡಿಗಳಲ್ಲಾದರೆ ಬೆಳಕಿನ ಕಡ್ಡಿಗಳು. ಇನ್ನೊಂದು, ಅಷ್ಟು ಪೆಟ್ರೋಲಿನಿಂದ ಇನ್ನೆಷ್ಟು ಕಿಲೋಮೀಟರು ಸಾಗಬಹುದೆಂದು ಹೇಳುವ ಅಂಕಿ. ಮೊದಲನೆಯದು ಅಳತೆ, ಎರಡನೆಯದು ಊಹೆ. ಅಳತೆಯಲ್ಲಿ ದೋಷವಿರಬಹುದು, ಆದರೂ ಅದು ಈ ಕ್ಷಣದಲ್ಲಿ ಇರುವ ವಸ್ತುವನ್ನು ಕುರಿತ ಮಾತು. ಊಹೆಯಾದರೋ, ಇನ್ನೂ ಸವೆಸದ ದಾರಿಯನ್ನು ಕುರಿತು, ಸವೆಸಿ ಮುಗಿದ ದಾರಿಯ ಆಧಾರದಿಂದ ಆಡಿದ ಮಾತು. ಸ್ವಭಾವದಲ್ಲಿ ಇಷ್ಟು ಭಿನ್ನವಾದ ಎರಡು ಮಾತುಗಳನ್ನು ಒಂದೇ ಅಕ್ಷರದಲ್ಲಿ, ಒಂದೇ ದೃಢತೆಯಿಂದ ನುಡಿಸುವುದು ಕಾರು ತಯಾರಿಸುವವರ ತಪ್ಪೆಂದೇ ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಕಾರಣಗಳನ್ನು ಹೇಳಬೇಕಾದರೆ ಟ್ಯಾಂಕಿನ ಒಳಗಿನಿಂದಲೇ ಆರಂಭಿಸಬೇಕು.

ಟ್ಯಾಂಕಿನಲ್ಲಿ ಅಳೆಯುವುದು ಮಟ್ಟವನ್ನು, ತಿಳಿಯಬೇಕಾದದ್ದು ಪ್ರಮಾಣವನ್ನು; ಇವೆರಡೂ ಒಂದಲ್ಲವೆಂಬ ಮೂಲತತ್ತ್ವ ಕೆರೆಯ ಕೆಳಗೆ ಬಾಳಿದ ಜನಕ್ಕೆ ಹೊಸದಲ್ಲ. 1689ರಿಂದ 1721ರವರೆಗೆ ಚಿತ್ರದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರನ್ನು ಹೊತ್ತ ನಮ್ಮೂರ ಕೆರೆಗೆ, 2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯ ಕೊಳವೆಗಳಲ್ಲಿ ಹರಿದು ಬಂದುದನ್ನು ನೀವೆಲ್ಲ ಬಲ್ಲಿರಿ. ಕೆರೆ ತುಂಬುವುದನ್ನು ಏರಿಯ ಮೇಲೆ ನಿಂತು ನೋಡಿದವರಿಗೆ ಗೊತ್ತಿರುವಂತೆ, ತಳದಲ್ಲಿ ಕೆರೆ ಕಿರಿದಾದ್ದರಿಂದ ತೂಬಿನ ಕಲ್ಲಿನ ಮೇಲೆ ಮೊದಲ ಅಡಿಗಳು ಬೇಗ ಮುಳುಗುತ್ತವೆ. ಮೇಲಕ್ಕೆ ಬಂದಂತೆಲ್ಲ ಅಂಗಳ ಅಗಲವಾಗಿ, ಅದೇ ಪ್ರಮಾಣದ ನೀರು ಬಂದರೂ ಒಂದು ಅಡಿ ಏರಲು ದಿನಗಳೇ ಬೇಕಾಗುತ್ತವೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿದ್ದು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿದ ಆ ಜಲಾಶಯ, ತುಂಬಿದಾಗ 130 ಅಡಿಯಲ್ಲಿ ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ, ಆದರೆ 65 ಅಡಿ ನೀರು ನಿಂತ ದಿನ ಅದು ಅರ್ಧ ತುಂಬಿದೆಯೆಂದು ಯಾವ ರೈತನೂ ಹೇಳಲಾರ, ಏಕೆಂದರೆ ಆಗ ಅಲ್ಲಿರುವುದು ಅರ್ಧಕ್ಕಿಂತ ಎಷ್ಟೋ ಕಡಿಮೆ. ಯಾವ ಅಡಿಗೆ ಎಷ್ಟು ನೀರೆಂಬ ಕೋಷ್ಟಕವೊಂದನ್ನು ಎಂಜಿನಿಯರುಗಳು ಅದಕ್ಕಾಗಿಯೇ ಇಟ್ಟುಕೊಂಡಿರುತ್ತಾರೆ. ತೂಬಿಗೆ ನಿಲುಕದೆ ತಳದಲ್ಲೇ ಉಳಿಯುವ ನೀರಿನ ಲೆಕ್ಕವನ್ನೂ ಅವರು ಬೇರೆಯಾಗಿ ಬರೆದಿರುತ್ತಾರೆ.

ಕಾರಿನ ಟ್ಯಾಂಕಿನ ಸ್ಥಿತಿಯೂ ಇದೇ. ಪೆಟ್ಟಿಗೆಯಂತೆ ನಾಲ್ಕು ಮೂಲೆಯಾಗಿದ್ದ ಟ್ಯಾಂಕುಗಳ ಕಾಲ ಕಳೆಯಿತು. ಈಗ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಹಿಂದಿನ ಸೀಟಿನ ಕೆಳಗೆ, ಹೊಗೆಕೊಳವೆಗೂ ಅಚ್ಚಿಗೂ ಬಿಟ್ಟು ಉಳಿದ ಸಂದುಗೊಂದುಗಳಿಗೆ ಹೊಂದುವಂತೆ ಉಬ್ಬುತಗ್ಗಾಗಿ ರೂಪಿಸುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ವಾಹನಗಳಲ್ಲಿ ಕೆಲವಕ್ಕಂತೂ ತಿರುಗುವ ದಂಡದ ಎರಡೂ ಬದಿಗೆ ಇಳಿಬಿದ್ದ ಎರಡು ಹೊಟ್ಟೆಗಳುಳ್ಳ ಟ್ಯಾಂಕು ಇರುತ್ತದೆ. ಒಂದು ಹೊಟ್ಟೆಯ ಇಂಧನವನ್ನು ಇನ್ನೊಂದಕ್ಕೆ ಸೆಳೆಯಲು ಒಂದು ಪಂಪೂ, ಎರಡನ್ನೂ ಅಳೆಯಲು ಎರಡು ಅಳತೆಗೋಲುಗಳೂ ಬೇಕಾಗುತ್ತವೆ. ಇಂಥ ಪಾತ್ರೆಯಲ್ಲಿ ಮಟ್ಟ ಅರ್ಧಕ್ಕೆ ಇಳಿದರೆ ಇಂಧನ ಅರ್ಧವಾಗಿರಲೇಬೇಕೆಂಬ ನಿಯಮವಿಲ್ಲ. ಒಳ್ಳೆಯ ಕಾರುಗಳಲ್ಲಿ ಆ ಟ್ಯಾಂಕಿನ ಆಕಾರಕ್ಕೆ ತಕ್ಕ ಕೋಷ್ಟಕವನ್ನು ಗಣಕದ ಸ್ಮರಣೆಯಲ್ಲಿ ಇಟ್ಟಿರುತ್ತಾರೆ. ಹಳೆಯ ಗಾಡಿಗಳಲ್ಲಿ ಆ ಏರ್ಪಾಡು ಇಲ್ಲದ್ದರಿಂದಲೇ, ಫುಲ್ ಮಾಡಿಸಿದ ಮೇಲೆ ಬಹು ದೂರದವರೆಗೆ ಅಲುಗದ ಮುಳ್ಳು, ಅರ್ಧ ದಾಟಿದೊಡನೆ ಸರಸರನೆ ಇಳಿದು ಮಾಲೀಕನನ್ನು ಗಾಬರಿಗೊಳಿಸುತ್ತಿತ್ತು.

ಅಳೆಯುವ ಉಪಕರಣವನ್ನು ನೀವು ಕಣ್ಣಾರೆ ಕಾಣಬೇಕೆಂದಿದ್ದರೆ ಹೆದ್ದಾರಿಯ ಪಕ್ಕದ ಯಾವ ಗ್ಯಾರೇಜಿಗಾದರೂ ಹೋಗಿ ಕೇಳಬಹುದು. ನಮ್ಮೂರಿನ ಅಂಥದೊಂದು ಗ್ಯಾರೇಜಿನಲ್ಲಿ, ಹಿಂದಿನ ಸೀಟನ್ನು ಎತ್ತಿ, ಅದರ ಕೆಳಗಿನ ದುಂಡು ಮುಚ್ಚಳವನ್ನು ಬಿಚ್ಚಿ, ಪಂಪಿನ ಸಮೇತ ಹೊರಗೆ ತೆಗೆದು ಹಲಗೆಯ ಮೇಲೆ ಇಟ್ಟಿದ್ದ ಒಂದು ಸಾಧನವನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಗೇಣುದ್ದದ ತಂತಿಯ ತೋಳು. ಅದರ ತುದಿಯಲ್ಲಿ ಎರಡು ಬೆರಳಗಲದ ಕಪ್ಪು ಬೆಂಡು, ಮೆಕ್ಯಾನಿಕ್ಕರ ಭಾಷೆಯಲ್ಲಿ ಫ್ಲೋಟು. ತೋಳಿನ ಇನ್ನೊಂದು ತುದಿಯಲ್ಲಿ ಪಿಂಗಾಣಿಯ ಪುಟ್ಟ ಬಿಲ್ಲೆ, ಅದರ ಮೇಲೆ ವಕ್ರವಾಗಿ ಎಳೆದ ಕರಿಯ ಗೆರೆಗಳು. ಆ ಗೆರೆಗಳನ್ನು ಉಜ್ಜುತ್ತ ಓಡಾಡುವ ಲೋಹದ ಎರಡು ನಾಲಗೆಗಳು. ಪೆಟ್ರೋಲು ಇಳಿದರೆ ಬೆಂಡು ಇಳಿಯುತ್ತದೆ, ತೋಳು ತಿರುಗುತ್ತದೆ, ನಾಲಗೆ ಸರಿಯುತ್ತದೆ, ವಿದ್ಯುತ್ತಿಗೆ ಒಡ್ಡಿದ ತಡೆ ಬದಲಾಗುತ್ತದೆ. ಆ ಬದಲಾವಣೆಯೇ ಮುಂದಿನ ಫಲಕದಲ್ಲಿ ಮುಳ್ಳಾಗಿ ನಮಗೆ ಕಾಣುವುದು. ಮೆಕ್ಯಾನಿಕ್ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಹಚ್ಚಿ ತೋಳನ್ನು ಬೆರಳಿನಿಂದ ಮೆಲ್ಲನೆ ಇಳಿಸಿದ. ಅಂಕಿಗಳು ಒಂದೊಂದಾಗಿ ಏರುತ್ತ ಬಂದು, ಒಂದು ಕಡೆ ಸರಕ್ಕನೆ ಹಾರಿ, ಮತ್ತೆ ಹಿಂದಕ್ಕೆ ಬಂದುವು. “ನೋಡ್ರಿ ಸಾರ್, ಮೀಟ್ರು ಸರಿ ಐತೆ, ಈ ಜಾಗದಾಗೆ ಪಟ್ಟಿ ಸವೆದೈತೆ. ಕಾಲು ಟ್ಯಾಂಕಿನ ಮೇಲೇನೇ ಗಾಡಿ ಓಡಿಸೋರಿಗೆ ಇಲ್ಲೇ ಸವೆಯೋದು” ಎಂದು ಆತ ಉಗುರಿನಿಂದ ತೋರಿಸಿದ ಕಡೆಯಲ್ಲಿ ಕರಿಗೆರೆ ಹೊಳಪೇರಿ ತೆಳುವಾಗಿತ್ತು. ಇಂಧನದಲ್ಲಿ ಗಂಧಕದ ಅಂಶ ಹೆಚ್ಚಾದರೆ ಬೆಳ್ಳಿ ಬೆರೆತ ಆ ನಾಲಗೆಗಳು ಕಪ್ಪುಗಟ್ಟುವುದೂ ಉಂಟು. ಹೀಗೆ ಒಂದು ಕೂದಲಿನಷ್ಟು ಸವೆತ, ಮುಳ್ಳಿನ ತುದಿಗೆ ಬರುವ ಹೊತ್ತಿಗೆ ಕೆಲವು ಲೀಟರುಗಳ ಅಂತರವಾಗಿ ಪರಿಣಮಿಸುತ್ತದೆ.

ಇದಲ್ಲದೆ ಬೆಂಡು ತೇಲುವುದು ನಿಶ್ಚಲವಾದ ದ್ರವದಲ್ಲಿ ಅಲ್ಲ. ತಿರುವಿನಲ್ಲಿ ಇಂಧನ ಒಂದು ಬದಿಗೆ ಒರಗುತ್ತದೆ, ಬ್ರೇಕು ಒತ್ತಿದರೆ ಮುಂದಕ್ಕೆ ನುಗ್ಗುತ್ತದೆ, ಇಳುಕಲಿನಲ್ಲಿ ನಿಲ್ಲಿಸಿದರೆ ಟ್ಯಾಂಕಿನ ಒಂದು ಮೂಲೆಗೆ ಸೇರುತ್ತದೆ. ಹಳೆಯ ಗಾಡಿಗಳಲ್ಲಿ ಎರಡು ಲೋಹಗಳನ್ನು ಜೋಡಿಸಿದ ಪಟ್ಟಿಯೊಂದು ವಿದ್ಯುತ್ತಿನಿಂದ ಕಾದು ಮೆಲ್ಲಗೆ ಬಾಗುವುದರಿಂದ ಮುಳ್ಳು ಚಲಿಸುತ್ತಿತ್ತಾದ್ದರಿಂದ, ಅದರ ಮಂದಗತಿಯೇ ಈ ಅಲೆಗಳನ್ನು ಅಡಗಿಸುತ್ತಿತ್ತು. ಇಂದಿನ ಗಣಕ ಆ ಕೆಲಸವನ್ನು ಹಲವು ಅಳತೆಗಳ ಸರಾಸರಿ ತೆಗೆಯುವುದರಿಂದ ಮಾಡುತ್ತದೆ. ಆದ್ದರಿಂದ ಮುಳ್ಳು ತೋರುವುದು ಸದ್ಯದ ಮಟ್ಟವನ್ನಲ್ಲ, ಸ್ವಲ್ಪ ಹಿಂದಿನ ಮಟ್ಟವನ್ನು. ತಯಾರಕರು ಬುದ್ಧಿಪೂರ್ವಕವಾಗಿ ಮಾಡುವ ಹೊಂದಾಣಿಕೆಯೂ ಒಂದುಂಟು: ಮುಳ್ಳು ಕೆಳಗಿನ ಗೆರೆಗೆ ಬಂದ ಮೇಲೂ ಕೆಲವು ಲೀಟರು ಉಳಿದಿರುವಂತೆ ಅದನ್ನು ಅಣಿಗೊಳಿಸುತ್ತಾರೆ. ಇದಕ್ಕೆ ಸದುದ್ದೇಶವಿದೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೆ ಇಂಧನದಲ್ಲೇ ಮುಳುಗಿದ್ದು, ಅದರಿಂದಲೇ ತಂಪಾಗುತ್ತದೆ. ತಳ ಒಣಗುವವರೆಗೆ ಓಡಿಸಿದರೆ ಪಂಪಿಗೇ ಕೇಡು. ಡೀಸೆಲ್ ಗಾಡಿಯದು ಇನ್ನೊಂದು ಕಷ್ಟ: ಟ್ಯಾಂಕು ಬರಿದಾದರೆ ಕೊಳವೆಗೆ ಗಾಳಿ ಸೇರಿ, ಮತ್ತೆ ಡೀಸೆಲ್ ಹಾಕಿಸಿದ ಮಾತ್ರಕ್ಕೆ ಎಂಜಿನ್ನು ಹೊರಡುವುದಿಲ್ಲ, ಲಾರಿಯವರು “ಏರ್ ತಗೊಂಡಿದೆ” ಎಂದು ಹೇಳಿ, ಕೈಪಂಪನ್ನು ಒತ್ತಿ ಒತ್ತಿ ಆ ಗಾಳಿಯನ್ನು ಹೊರಗೆ ಹಾಕುವುದನ್ನು ನೀವು ಕಂಡಿರಬಹುದು. ಮೀಸಲನ್ನು ಇಟ್ಟದ್ದು ಸರಿ; ಎಷ್ಟು ಲೀಟರು ಇಟ್ಟಿದ್ದೇವೆಂಬುದನ್ನು ಕೊಂಡವನಿಗೆ ಸ್ಪಷ್ಟವಾಗಿ ತಿಳಿಸದಿರುವುದು ಸರಿಯಲ್ಲ. ತಿಳಿಯದ ಮೀಸಲಿನ ಮೇಲೆ ಜನ ಭರವಸೆಯಿಟ್ಟು, “ಸೊನ್ನೆ ತೋರಿಸಿದ ಮೇಲೂ ನಮ್ಮ ಗಾಡಿ ಓಡುತ್ತೆ” ಎಂದು ಧೈರ್ಯಮಾಡುತ್ತಾರೆ. ಒಬ್ಬರ ಕಾರಿನಲ್ಲಿ ನಿಜವಾದ ಆ ಮಾತು ಇನ್ನೊಬ್ಬರ ಕಾರಿನಲ್ಲಿ ಸುಳ್ಳಾಗುತ್ತದೆ.

ಒಂದು ಕಾಲಕ್ಕೆ ಮುಳ್ಳೇ ಇರಲಿಲ್ಲ. ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸೀಟಿನ ಕೆಳಗಿನ ಟ್ಯಾಂಕಿಗೆ ಮರದ ಕಡ್ಡಿಯನ್ನು ಇಳಿಸಿ ಒದ್ದೆಯಾದ ಗುರುತನ್ನು ನೋಡಬೇಕಾಗಿತ್ತು. ಜರ್ಮನಿಯ ವೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಇಂಧನದ ಮುಳ್ಳು ಬಂದದ್ದು 1961ರ ಸುಮಾರಿಗೆ. ಅಲ್ಲಿಯವರೆಗೆ ಎಂಜಿನ್ನು ಕೆಮ್ಮಿದಾಗ ಕಾಲಿನಿಂದ ಒಂದು ನಲ್ಲಿಯನ್ನು ತಿರುಗಿಸಿ ಮೀಸಲು ಪೆಟ್ರೋಲನ್ನು ಬಿಟ್ಟುಕೊಳ್ಳುತ್ತಿದ್ದರು. ನಮ್ಮ ನಾಡಿನಲ್ಲಿ, 1960ರಲ್ಲಿ ಸ್ಥಾಪಿತವಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳಲ್ಲಿಯೂ ಅಂಥದೇ ನಲ್ಲಿ ಇತ್ತು. “ರಿಸರ್ವಿಗೆ ಬಂತು” ಎಂಬ ಮಾತು ಇಂದಿಗೂ ನಮ್ಮ ನಿತ್ಯದ ಕನ್ನಡದಲ್ಲಿ ನಿಂತಿರುವುದು ಆ ನಲ್ಲಿಯಿಂದ. ಆ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗುಣವಿತ್ತೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ: ಅದು ಯಾವ ಊಹೆಯನ್ನೂ ಮಾಡುತ್ತಿರಲಿಲ್ಲ. ಇನ್ನೆಷ್ಟು ದೂರವೆಂಬ ಲೆಕ್ಕವನ್ನು, ದಾರಿಯನ್ನೂ ಹೊರೆಯನ್ನೂ ತನ್ನ ಗಾಡಿಯ ಗುಣವನ್ನೂ ಬಲ್ಲ ಸವಾರನಿಗೇ ಬಿಟ್ಟುಬಿಡುತ್ತಿತ್ತು.

ಈಗ ಆ ಲೆಕ್ಕವನ್ನು ಕಾರೇ ಮಾಡುತ್ತದೆ. ಮಾಡುವ ವಿಧಾನ ಸರಳವಾದದ್ದು: ಟ್ಯಾಂಕಿನಲ್ಲಿ ಉಳಿದ ಲೀಟರುಗಳನ್ನು, ಇತ್ತೀಚೆಗೆ ಓಡಿದ ದೂರದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರು ಬಂತೋ ಅದರಿಂದ ಗುಣಿಸುವುದು. ಇತ್ತೀಚೆಗೆ ಎಂದರೆ ಎಷ್ಟು ದೂರ? ಒಬ್ಬ ತಯಾರಕ ಹಿಂದಿನ ಕೆಲವೇ ಕಿಲೋಮೀಟರುಗಳನ್ನು ಹಿಡಿದರೆ ಇನ್ನೊಬ್ಬ ನೂರಾರು ಕಿಲೋಮೀಟರುಗಳನ್ನು ಹಿಡಿಯುತ್ತಾನೆ. ಕೈಪಿಡಿಯಲ್ಲಿ ಇದನ್ನು ಹೇಳಿರುವುದು ಅಪೂರ್ವ. ಬೆಂಗಳೂರಿನಿಂದ ನಮ್ಮೂರಿಗೆ ಹೊರಟ ಒಂದು ಕಾರನ್ನು ಕಲ್ಪಿಸಿಕೊಳ್ಳಿ. ಗೊರಗುಂಟೆಪಾಳ್ಯದ ಸಿಗ್ನಲ್ಲುಗಳಲ್ಲಿ ತೆವಳಿ ತೆವಳಿ ನೆಲಮಂಗಲವನ್ನು ಸೇರುವ ಹೊತ್ತಿಗೆ ಅದು ಲೀಟರಿಗೆ 11 ಕಿಲೋಮೀಟರಿನ ಸರಾಸರಿಯನ್ನು ಕಲಿತಿರುತ್ತದೆ. ಟ್ಯಾಂಕಿನಲ್ಲಿ 30 ಲೀಟರು ಇದ್ದರೆ 330 ಕಿಲೋಮೀಟರು ಹೋಗಬಹುದೆಂದು ತೋರಿಸುತ್ತದೆ. ಅಲ್ಲಿಂದ ತೆರೆದ ರಸ್ತೆಯಲ್ಲಿ ಲೀಟರಿಗೆ 20ರಂತೆ ಸಾಗಿ, ತೊಂಬತ್ತಕ್ಕೂ ಮಿಕ್ಕ ಕಿಲೋಮೀಟರುಗಳನ್ನು ಕ್ರಮಿಸಿ ಸಿರಾ ತಲಪಿದಾಗ, ಉಳಿದಿರುವುದು ಸುಮಾರು 25 ಲೀಟರು. ಅಷ್ಟರಲ್ಲಿ ಸರಾಸರಿ 16ಕ್ಕೆ ಏರಿದ್ದರೆ ಫಲಕದ ಮೇಲೆ 400 ಎಂಬ ಅಂಕಿ ಹೊಳೆಯುತ್ತದೆ. ಪೆಟ್ರೋಲು ಕರಗಿದೆ, ದಾರಿ ಸವೆದಿದೆ, ಆದರೂ ಉಳಿದ ದೂರ ಹೆಚ್ಚಿದೆ. ಇದರಲ್ಲಿ ಯಂತ್ರದ ಕೆಡುಕೇನೂ ಇಲ್ಲ, ಗುಣಾಕಾರವೂ ಸರಿಯಾಗಿಯೇ ಇದೆ, ಬದಲಾದದ್ದು ಗುಣಕ.

ಈ ಪ್ರಯಾಣದ ವಿರುದ್ಧ ದಿಕ್ಕೇ ಅಪಾಯದ ದಿಕ್ಕು. ಹೆದ್ದಾರಿಯಲ್ಲಿ ನಯವಾಗಿ ಓಡಿ, ಲೀಟರಿಗೆ 20ರ ಸರಾಸರಿಯನ್ನು ಕಲಿತ ಕಾರು, 3 ಲೀಟರು ಉಳಿದಾಗ 60 ಕಿಲೋಮೀಟರು ಎನ್ನುತ್ತದೆ; ಆಗ ಜಗಳೂರಿನ ಕಡೆಗೋ ಹೊಳಲ್ಕೆರೆಯ ಕಡೆಗೋ ಹಳ್ಳಿರಸ್ತೆಯನ್ನು ಹಿಡಿದು, ಗುಂಡಿಗಳ ನಡುವೆ ಎರಡನೆಯ ಗೇರಿನಲ್ಲಿ, ನಾಲ್ವರನ್ನು ಕೂರಿಸಿಕೊಂಡು, ತಂಪುಯಂತ್ರವನ್ನು ಓಡಿಸುತ್ತ ಹೋದರೆ ಲೀಟರಿಗೆ 12 ಬಂದರೂ ಹೆಚ್ಚು. ಆ 60, ವಾಸ್ತವದಲ್ಲಿ 36. ಟ್ಯಾಂಕು ತುಂಬಿದ್ದಾಗ ಇಂಥ ದೋಷದಿಂದ ಯಾರಿಗೂ ನಷ್ಟವಿಲ್ಲ. ಅಂಕಿಯ ಮೇಲೆ ನಮಗೆ ಅತ್ಯಂತ ಹೆಚ್ಚು ನಂಬಿಕೆ ಬೇಕಾಗುವುದು ಟ್ಯಾಂಕಿನ ತಳದಲ್ಲಿ, ಅದು ಅತ್ಯಂತ ಕಡಿಮೆ ನಂಬಿಕೆಗೆ ಅರ್ಹವಾಗಿರುವುದೂ ಅಲ್ಲಿಯೇ. ಕೆಲವು ತಯಾರಕರು ಇದನ್ನು ಅರಿತು, ದೂರ ಒಂದು ಮಿತಿಗಿಂತ ಕೆಳಗೆ ಬಂದಾಗ ಅಂಕಿಯನ್ನೇ ಅಳಿಸಿ ಬರಿಯ ಗೆರೆಗಳನ್ನು ತೋರಿಸುತ್ತಾರೆ. ಗ್ರಾಹಕರು ಇದನ್ನು ದೋಷವೆಂದು ಆಕ್ಷೇಪಿಸುತ್ತಾರೆ. ನನಗಂತೂ ಇದೇ ಪ್ರಾಮಾಣಿಕವಾದ ನಡೆ.

ಚಿತ್ರದುರ್ಗದ ನೆಲದಲ್ಲಿ ಈ ಗುಣಕವನ್ನು ಕೆಡಿಸುವ ಮತ್ತೊಂದು ಶಕ್ತಿಯಿದೆ, ಅದು ಗಾಳಿ. ಜೋಗಿಮಟ್ಟಿಯ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಅಕಾರಣವಾಗಿ ಅಲ್ಲ. ಗಂಟೆಗೆ 80 ಕಿಲೋಮೀಟರು ವೇಗದ ಕಾರಿಗೆ 20 ಕಿಲೋಮೀಟರಿನ ಗಾಳಿ ನೇರವಾಗಿ ಎದುರಾದರೆ, ಗಾಳಿಯ ಮಟ್ಟಿಗೆ ಅದು 100ರಲ್ಲಿ ಓಡುವ ಕಾರು. ಗಾಳಿ ಒಡ್ಡುವ ತಡೆ ವೇಗದ ವರ್ಗವನ್ನು ಅನುಸರಿಸುವುದರಿಂದ ಆ ತಡೆ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಇದಕ್ಕೆ ಹೋಲಿಸಿದರೆ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಏರು ಇರುವುದರಿಂದ ಮೈಲೇಜು ಬೀಳುತ್ತದೆ ಎಂದು ಜನ ಹೇಳುವ ಕಾರಣ ಅಷ್ಟು ದೊಡ್ಡದಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರು, ಬೆಂಗಳೂರು 900ಕ್ಕೆ ಮೇಲೆ. ಹನ್ನೆರಡು ನೂರು ಕಿಲೋಗ್ರಾಮಿನ ಕಾರನ್ನು 300 ಮೀಟರು ಎತ್ತಲು ಬೇಕಾದ ಶಕ್ತಿಯನ್ನು ಎಂಜಿನ್ನಿನ ವ್ಯರ್ಥವ್ಯಯವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಇಡೀ ಪ್ರಯಾಣಕ್ಕೆ ಅರ್ಧ ಲೀಟರಿಗೂ ಕಡಿಮೆ ಪೆಟ್ರೋಲು. ಕಣ್ಣಿಗೆ ಕಾಣುವ ಏರಿಗಿಂತ ಕಣ್ಣಿಗೆ ಕಾಣದ ಗಾಳಿಯೂ, ಗುಯಿಲಾಳು ಟೋಲ್ ದಾಟಿದೊಡನೆ 80ರಿಂದ 110ಕ್ಕೆ ಏರುವ ನಮ್ಮ ಕಾಲೂ ಹೆಚ್ಚು ಇಂಧನವನ್ನು ಕಬಳಿಸುತ್ತವೆ.

ಕೊಳ್ಳುವಾಗ ನಮಗೆ ಹೇಳುವ ಮೈಲೇಜಿನ ಅಂಕಿಯಾದರೂ ಆಧಾರವಾಗಬಹುದೆ? ನಮ್ಮ ದೇಶದಲ್ಲಿ ಅಂಥ ಅಂಕಿಗಳನ್ನು ಅಳೆಯುವ ಪ್ರಮುಖ ಸಂಸ್ಥೆ, 1966ರಲ್ಲಿ ಸ್ಥಾಪಿತವಾದ ಎ.ಆರ್.ಎ.ಐ., ಇದೇ ಪಿ.ಬಿ. ರಸ್ತೆಯ ಆಚೆಯ ತುದಿಯಾದ ಪುಣೆಯಲ್ಲಿದೆ. ಅಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ಕ್ರಮದಲ್ಲಿ ವೇಗವನ್ನು ಏರಿಸಿ ಇಳಿಸಿ ಪರೀಕ್ಷಿಸುತ್ತಾರೆ. ಬಹುಕಾಲ ಬಳಕೆಯಲ್ಲಿರುವ ಭಾರತೀಯ ಚಾಲನಾಕ್ರಮದಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರು, ಅವಧಿ 20 ನಿಮಿಷಕ್ಕೂ ಕಡಿಮೆ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಇದು ಯೋಗ್ಯವಾದ ಪರೀಕ್ಷೆ. ನಿಮ್ಮ ದಾರಿಯ ಮೇಲೆ ನಿಮ್ಮ ಕಾರು ಎಷ್ಟು ಕೊಡುವುದೆಂಬ ಪ್ರಶ್ನೆ ಅದಕ್ಕೆ ಸೇರಿದ್ದೇ ಅಲ್ಲ. ಇಂಧನವೇ ಬದಲಾದಾಗ ಆ ಅಂಕಿಗೂ ವಾಸ್ತವಕ್ಕೂ ಅಂತರ ಇನ್ನಷ್ಟು ಬೆಳೆಯುತ್ತದೆ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಒಂದು ಲೀಟರು ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಳೆಯ ಇಂಧನಕ್ಕಾಗಿ ರೂಪಿಸಿದ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು.

ಅಳತೆ ಸರಿಯಾಗಿದ್ದು ಗುಣಕ ತಪ್ಪಿದರೆ ಏನಾಗಬಹುದೆಂಬುದಕ್ಕೆ ವಿಮಾನಯಾನದ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1983ರ ಜುಲೈ 23ರಂದು ಏರ್ ಕೆನಡಾದ 143ನೆಯ ಸಂಖ್ಯೆಯ ವಿಮಾನ, ಆಗಿನ್ನೂ ಹೊಸದಾದ ಬೋಯಿಂಗ್ 767, ಇಂಧನಮಾಪಕಗಳು ಕೆಲಸ ಮಾಡದ ಸ್ಥಿತಿಯಲ್ಲಿ ಮಾಂಟ್ರಿಯಲ್‌ನಿಂದ ಹೊರಟಿತು. ಟ್ಯಾಂಕಿನಲ್ಲಿ ಎಷ್ಟು ಲೀಟರು ಇದೆಯೆಂಬುದನ್ನು ಅಳತೆಗೋಲಿನಿಂದ ಸರಿಯಾಗಿಯೇ ಅಳೆದಿದ್ದರು. ಆದರೆ ಲೀಟರುಗಳನ್ನು ಕಿಲೋಗ್ರಾಮಿಗೆ ತಿರುಗಿಸುವಾಗ, ಲೀಟರಿಗೆ ಸುಮಾರು 0.8 ಕಿಲೋ ಎಂದು ಹಿಡಿಯುವುದರ ಬದಲು, ಪೌಂಡಿಗೆ ಸಂಬಂಧಿಸಿದ 1.77 ಎಂಬ ಹಳೆಯ ಗುಣಕವನ್ನು ಬಳಸಿದರು. ಬೇಕಾಗಿದ್ದ 22,300 ಕಿಲೋ ಇಂಧನದಲ್ಲಿ ಅರ್ಧವೂ ವಿಮಾನದಲ್ಲಿರಲಿಲ್ಲ. ಹಾರಾಟದ ನಡುವೆಯೇ ಎರಡು ಎಂಜಿನ್ನುಗಳೂ ಒಂದಾದ ಮೇಲೊಂದು ನಿಂತುಹೋಗಿ, ಆ ಮಹಾಯಂತ್ರ ಗಾಳಿಯ ಮೇಲೆ ಜಾರುತ್ತ ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ಪೈಲಟ್ಟರ ಅಸಾಧಾರಣ ಕೌಶಲದಿಂದ ಒಳಗಿದ್ದ 69 ಮಂದಿಯೂ ಬದುಕಿದರು. ಕಾರಿನಲ್ಲಿ ಅಷ್ಟು ದೊಡ್ಡ ವಿಪತ್ತು ಇಲ್ಲದಿರಬಹುದು. ಆದರೆ ಆರು ಪಥದ ಹೆದ್ದಾರಿಯ ಅಂಚಿನಲ್ಲಿ ರಾತ್ರಿಯ ಹೊತ್ತು ನಿಂತುಹೋದ ಕಾರಿನ ಹಿಂದೆ ಲಾರಿಯೊಂದು ಬರುತ್ತಿರುವಾಗ, ಅದರೊಳಗಿನ ಕುಟುಂಬಕ್ಕೆ ವಿಪತ್ತಿನ ಗಾತ್ರ ಬೇರೆಯಾಗಿ ಕಾಣುವುದಿಲ್ಲ. ಅಂಥ ವೇಳೆಯಲ್ಲಿ ಹೆದ್ದಾರಿ ಪ್ರಾಧಿಕಾರದ 1033 ಎಂಬ ಸಂಖ್ಯೆಗೆ ಕರೆಮಾಡಿ, ಕಾರಿನಿಂದ ಇಳಿದು ತಡೆಗೋಡೆಯ ಆಚೆಗೆ ನಿಲ್ಲಬೇಕೆಂಬುದನ್ನು ಪ್ರಸಂಗವಶಾತ್ ಇಲ್ಲಿಯೇ ಹೇಳಿಬಿಡುತ್ತೇನೆ.

ವಿದ್ಯುತ್ ವಾಹನಗಳಲ್ಲಿ ಈ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಬೆಂಡು ತೇಲುವುದಕ್ಕೆ ದ್ರವವೇ ಇಲ್ಲ. ಬ್ಯಾಟರಿಯೊಳಗೆ ಹೋದ ಮತ್ತು ಅದರಿಂದ ಹೊರಬಂದ ವಿದ್ಯುತ್ತನ್ನು ಲೆಕ್ಕವಿಟ್ಟು, ಉಳಿಕೆಯನ್ನು ಊಹಿಸಬೇಕು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಜಾತಿಯ ಬ್ಯಾಟರಿಗಳಲ್ಲಿ ನಡುವಿನ ಬಹುಭಾಗ ವೋಲ್ಟೇಜು ಒಂದೇ ಸಮನಾಗಿರುವುದರಿಂದ, ಆಗಾಗ ಪೂರ್ತಿ ಚಾರ್ಜು ಮಾಡದಿದ್ದರೆ ಲೆಕ್ಕವೇ ದಾರಿ ತಪ್ಪುತ್ತದೆ. ಹೀಗೆ ಇಲ್ಲಿ ಅಳತೆಯೂ ಊಹೆ, ದೂರವೂ ಊಹೆ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಕಾರು ಹೊರಬಂದಂದಿನಿಂದ ಇದು ಕನ್ನಡ ನಾಡಿನದೇ ಪ್ರಶ್ನೆಯಾಗಿದೆ. ಅದೇ ಬೆಂಗಳೂರಿನಿಂದ ಒಂದು ಒಳ್ಳೆಯ ಮೇಲ್ಪಂಕ್ತಿಯೂ ದೊರೆತಿದೆ. ಏಥರ್ ಸಂಸ್ಥೆ 2022ರಲ್ಲಿ ಹೊರತಂದ ತನ್ನ ಸ್ಕೂಟರಿಗೆ, ಪರೀಕ್ಷೆಯಲ್ಲಿ ದೃಢಪಟ್ಟ ದೂರ 146 ಕಿಲೋಮೀಟರು ಎಂದು ಹೇಳಿದುದರ ಜೊತೆಗೆ, ನಿತ್ಯದ ರಸ್ತೆಯಲ್ಲಿ ನಿರೀಕ್ಷಿಸಬಹುದಾದದ್ದು 105 ಎಂದು ತಾನೇ ಪ್ರಕಟಿಸಿತು. ಎರಡು ಅಂಕಿಗಳನ್ನು ಒಟ್ಟಿಗೆ ಮುಂದಿಟ್ಟ ಆ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಹಾಗೆ ಮಾಡದವರಿಗೆ ಕೆಲವು ದೇಶಗಳಲ್ಲಿ ದಂಡವೂ ಬಿದ್ದಿದೆ: ಚಳಿಗಾಲದಲ್ಲಿ ದೂರ ಬಹಳವಾಗಿ ಕುಗ್ಗುವುದನ್ನು ಜಾಹೀರಾತಿನಲ್ಲಿ ತಿಳಿಸಲಿಲ್ಲವೆಂದು ದಕ್ಷಿಣ ಕೊರಿಯದ ವ್ಯಾಪಾರ ಆಯೋಗ 2023ರ ಜನವರಿಯಲ್ಲಿ ಟೆಸ್ಲಾ ಸಂಸ್ಥೆಗೆ 285 ಕೋಟಿ ವಾನ್ ದಂಡ ವಿಧಿಸಿತು.

ನಮ್ಮಲ್ಲಿ ಪೆಟ್ರೋಲ್ ಬಂಕಿನವನ ಮೇಲೆ ಕಾನೂನಿನ ಹಿಡಿತ ಎಷ್ಟು ಬಿಗಿಯಾಗಿದೆ ನೋಡಿ. 5 ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಬರಕೂಡದು. ಮುದ್ರೆಯೊತ್ತಿದ 5 ಲೀಟರಿನ ಅಳತೆಪಾತ್ರೆ ಬಂಕಿನಲ್ಲಿ ಇರಲೇಬೇಕು. ನೀವು ಕೇಳಿದರೆ ಅಳೆದು ತೋರಿಸಲೇಬೇಕು. ವೇಗಮಾಪಕಕ್ಕೂ ನಿಯಮವಿದೆ: ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದರ ಪ್ರಕಾರ, ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದೂ ತೋರಿಸಕೂಡದು, ಹೆಚ್ಚು ತೋರಿಸಿದರೂ ನಿಜವೇಗದ ಹತ್ತನೆಯ ಒಂದು ಪಾಲಿಗೆ 4 ಕಿಲೋಮೀಟರು ಸೇರಿಸಿದಷ್ಟನ್ನು ಮೀರಕೂಡದು. ಉಳಿದ ದೂರದ ಅಂಕಿಗೆ ಮಾತ್ರ ಅಂಥ ಮಿತಿಯನ್ನು ಕಟ್ಟಿದ ಕಾನೂನು ನಮ್ಮಲ್ಲಿಲ್ಲ.

ಕಾನೂನು ಬರುವವರೆಗೆ ಕಾರಿನ ಒಡೆಯ ಮಾಡಬಹುದಾದ ಪರೀಕ್ಷೆ ಸುಲಭವಾದದ್ದು, ನಮ್ಮ ಟ್ಯಾಕ್ಸಿಯವರಿಗೆ ಚಿರಪರಿಚಿತವಾದದ್ದು: ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ. ಬಂಕಿನಲ್ಲಿ ನಳಿಕೆ ತಾನಾಗಿ “ಕಟ್” ಆಗುವವರೆಗೆ ತುಂಬಿಸಿ, ಕಿಲೋಮೀಟರನ್ನು ಬರೆದುಕೊಂಡು, ಕಾಲು ಟ್ಯಾಂಕು ಉಳಿಯುವವರೆಗೆ ಎಂದಿನಂತೆ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ, ಕಾರನ್ನು ಅದೇ ಸಮನೆಲದಲ್ಲಿ ನಿಲ್ಲಿಸಿ ಮತ್ತೆ ಕಟ್ ಆಗುವವರೆಗೆ ತುಂಬಿಸಿರಿ. ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರುಗಳಿಂದ ಭಾಗಿಸಿದರೆ ನಿಮ್ಮ ದಾರಿಯ ನಿಜವಾದ ಮೈಲೇಜು ಸಿಕ್ಕಿತು. ಮುಳ್ಳು ಕಾಲಿಗೆ ಬಂದಾಗ ಎಷ್ಟು ಲೀಟರು ಹಿಡಿಯಿತೆಂಬುದರಿಂದ ಮುಳ್ಳಿನ ಸತ್ಯವೂ ತಿಳಿಯಿತು. ಒಮ್ಮೆ ಮಾಡಿದರೆ ಸಾಲದು. ಕಟ್ ಆಗುವ ಬಿಂದು ಪ್ರತಿಸಲವೂ ತುಸು ಹೆಚ್ಚುಕಡಿಮೆಯಾಗುವುದರಿಂದ ಕೆಲವು ಬಾರಿ ಮಾಡಿ ಸರಾಸರಿ ತೆಗೆಯಬೇಕು. ಕಟ್ ಆದ ಮೇಲೆ ಚಿಲ್ಲರೆ ಸರಿಮಾಡಲೆಂದು ಕುತ್ತಿಗೆಯವರೆಗೆ ತುಂಬಿಸಬೇಡಿ. ಲೆಕ್ಕವೂ ಕೆಡುತ್ತದೆ, ಪೆಟ್ರೋಲಿನ ಆವಿಯನ್ನು ಹಿಡಿಯಲು ಇಟ್ಟ ಡಬ್ಬಿಯೂ ಕೆಡುತ್ತದೆ.

ಕೊನೆಯದಾಗಿ, ಈ ವರ್ಷ ಹೊಸ ಕಾರನ್ನು ಕೊಳ್ಳಲಿರುವ ಶ್ರೋತೃಗಳಲ್ಲಿ ನನ್ನದೊಂದು ಬಿನ್ನಹ. ದಾವಣಗೆರೆಯದಾಗಲಿ ಚಿತ್ರದುರ್ಗದ್ದಾಗಲಿ, ಶೋರೂಮಿನಲ್ಲಿ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ: ಎಚ್ಚರಿಕೆಯ ದೀಪ ಹತ್ತಿದಾಗ ಟ್ಯಾಂಕಿನಲ್ಲಿ ಎಷ್ಟು ಲೀಟರು ಉಳಿದಿರುತ್ತದೆ, ಫಲಕ ಸೊನ್ನೆ ತೋರಿಸಿದಾಗ ಎಷ್ಟು ಉಳಿದಿರುತ್ತದೆ, ಉಳಿದ ದೂರವನ್ನು ಹಿಂದಿನ ಎಷ್ಟು ಕಿಲೋಮೀಟರಿನ ಸರಾಸರಿಯಿಂದ ಲೆಕ್ಕ ಹಾಕುತ್ತೀರಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ, ಕನ್ನಡದಲ್ಲಿ, ಕೈಪಿಡಿಯ ಪುಟದಲ್ಲಿ ಕೇಳಿ ಪಡೆಯಿರಿ.